ಬೇಸಗೆಯ ಬೆಳುದಿಂಗಳೂಟ

ಕನ್ನಡದಲ್ಲಿ ‘ತಿಂಗಳು’ ಎಂಬ ಒಂದೇ ಶಬ್ದವು ಆಕಾಶದ ಚಂದ್ರನಿಗೂ ಪಂಚಾಂಗದ ಮಾಸಕ್ಕೂ ಹೆಸರಾಗಿದೆ. ಬಿಳಿಯ ತಿಂಗಳು ಬೆಳುದಿಂಗಳಾಯಿತು. ಸಂಬಳ ಬರುವ ದಿನವನ್ನೂ, ಸಾಲಕ್ಕೆ ಬಡ್ಡಿ ತೆರುವ ದಿನವನ್ನೂ, ಪ್ರಿಯೆಯ ಮುಖವನ್ನೂ ಒಂದೇ ಮಾತಿನಿಂದ ಅಳೆದು ತೃಪ್ತರಾದ ಜನರು ನಾವು. ನಮ್ಮ ಪೂರ್ವಿಕರಿಗೆ ಚಂದ್ರನು ಮೊದಲು ಲೆಕ್ಕಿಗ, ಆಮೇಲೆ ದೀಪ, ಕಟ್ಟಕಡೆಗೆ ಉಪಮಾನ. ಕವಿಗಳು ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ. ಅದಕ್ಕಾಗಿ ಅವರ ಮೇಲೆ ನಮಗೆ ಮುನಿಸಿಲ್ಲ. ಆದರೆ ಈ ಹೊತ್ತು ನಾವು ಹೇಳಹೊರಟಿರುವುದು ನಡುವಣ ದೀಪದ ವಿಷಯ. ಆ ದೀಪದ ಕೆಳಗೆ, ಬೇಸಗೆಯ ರಜಾ ದಿನಗಳಲ್ಲಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವ ಬೆಳುದಿಂಗಳೂಟದ ವಿಷಯ. ಈ ವಿನೋದವು ಎಷ್ಟು ಹಳೆಯದು? ಇದನ್ನು ಬಯಸಿದವರು ಯಾರು? ಇದರಿಂದ ಯಾರಿಗೆ ಏನು ದೊರೆಯಿತು? ಹಗುರವಾದ ಸಂಗತಿಯೆಂದು ಚರಿತ್ರಕಾರರು ಇದನ್ನು ಕೈಬಿಟ್ಟಿದ್ದಾರೆ. ಹಗುರವಾದ ಸಂಗತಿಗಳಿಗೂ ಚರಿತ್ರೆಯುಂಟು.

ಮೊದಲು ದೀಪದ ಮಾತು. ಸೀಮೆಎಣ್ಣೆ ಬರುವುದಕ್ಕೆ ಮುಂಚೆ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದುದು ಹರಳೆಣ್ಣೆ, ಹೊಂಗೆಯೆಣ್ಣೆಗಳ ಹಣತೆ. ಎಣ್ಣೆಯೆಂದರೆ ಗಾಣ, ಗಾಣವೆಂದರೆ ದುಡ್ಡು ಅಥವಾ ಕಾಳು. ಬಡವನ ಮನೆಯ ಇರುಳು ಊಟ ಮುಗಿಯುವುದರೊಳಗೆ ಮುಗಿಯುತ್ತಿತ್ತು. ತಿಂಗಳಿನಲ್ಲಿ ಹತ್ತು ಹನ್ನೆರಡು ರಾತ್ರಿಗಳು ಮಾತ್ರ ಈ ಕಟ್ಟಳೆಗೆ ಹೊರತಾಗಿದ್ದವು. ನಮ್ಮ ದೊಡ್ಡ ಜಾತ್ರೆ, ತೇರು, ತೆಪ್ಪಗಳಲ್ಲಿ ಹಲವು ಹುಣ್ಣಿಮೆಯ ಆಸುಪಾಸಿನಲ್ಲಿಯೇ ನಿಯತವಾಗಿರುವುದಕ್ಕೆ ಶಾಸ್ತ್ರವು ಬೇರೆ ಕಾರಣ ಹೇಳೀತು. ಹತ್ತಾರು ಹರದಾರಿ ನಡೆದು ಬಂದು, ಮತ್ತೆ ಇರುಳಿನಲ್ಲಿಯೇ ಹಿಂದಿರುಗಬೇಕಾದ ಯಾತ್ರಿಕನಿಗೆ ಮಾತ್ರ ಕಾರಣವು ತಲೆಯ ಮೇಲೆಯೇ ಹೊಳೆಯುತ್ತಿತ್ತು. ಇದು ನಮ್ಮ ದೇಶಕ್ಕಷ್ಟೇ ಸೇರಿದ ಜಾಣತನವಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದಲ್ಲಿ ಜೇಮ್ಸ್ ವ್ಯಾಟ್, ಮ್ಯಾಥ್ಯೂ ಬೋಲ್ಟನ್, ಎರಾಸ್ಮಸ್ ಡಾರ್ವಿನ್ ಮೊದಲಾದ ಮೇಧಾವಿಗಳು ಕೂಡುತ್ತಿದ್ದ ಒಂದು ಕೂಟವಿತ್ತು. ಉಗಿಯಂತ್ರದಿಂದ ಲೋಕದ ನಡೆಯನ್ನೇ ಬದಲಾಯಿಸಿದ ಆ ಮಹನೀಯರು ತಮ್ಮ ಭೋಜನಕೂಟವನ್ನು ಹುಣ್ಣಿಮೆಯ ಸಮೀಪದ ದಿನವೇ ನಡೆಸುತ್ತಿದ್ದರು. ಊಟವಾದ ಮೇಲೆ ಮನೆಗೆ ಹೋಗಲು ದಾರಿ ಕಾಣಬೇಕಷ್ಟೆ! ಆದುದರಿಂದಲೇ ಆ ಕೂಟಕ್ಕೆ ಚಂದ್ರನ ಹೆಸರು ಬಂದು, ಅದು ‘ಲ್ಯೂನರ್ ಸೊಸೈಟಿ’ ಎನಿಸಿಕೊಂಡಿತು.

ಚಂದ್ರನು ಎಷ್ಟರ ದೀಪ? ಲೆಕ್ಕಕ್ಕೆ ನೋಡಿದರೆ ಬಹಳ ಸಣ್ಣದು. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಅವನು ನೂರಕ್ಕೆ ಸುಮಾರು 12 ಪಾಲನ್ನು ಮಾತ್ರ ಹಿಂದಕ್ಕೆ ಕೊಡುತ್ತಾನೆ. ಸೂರ್ಯನ ಬೆಳಕು ಹುಣ್ಣಿಮೆಯ ಬೆಳಕಿನ ಸುಮಾರು 4 ಲಕ್ಷದಷ್ಟು ಇರುತ್ತದೆ. ಈ ಬೆಳಕಿನಲ್ಲಿ ಆಕಾರ ಕಾಣುತ್ತದೆ, ಬಣ್ಣ ಕಾಣುವುದಿಲ್ಲ. ಆದರೆ ಹುಣ್ಣಿಮೆಯ ಚಂದ್ರನಿಗೆ ಮತ್ತಾವ ದಿನದ ಚಂದ್ರನಿಗೂ ಇಲ್ಲದ ಒಂದು ಗುಣವುಂಟು: ಸೂರ್ಯನು ಇಳಿಯುವ ವೇಳೆಗೆ ಸರಿಯಾಗಿ ಅವನು ಏರುತ್ತಾನೆ, ಬೆಳಗಾಗುವವರೆಗೆ ಇರುತ್ತಾನೆ. ಹಗಲಿಗೂ ಇರುಳಿಗೂ ನಡುವೆ ಕತ್ತಲೆಯ ಬಿರುಕು ಬೀಳುವುದಿಲ್ಲ. ಮರುದಿನದಿಂದ ಅವನು ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡಮಾಡುತ್ತ ಹೋಗುತ್ತಾನೆ. ಮಕ್ಕಳಿಗೆ ಹಸಿವಾದ ಹೊತ್ತಿನಲ್ಲಿ ದೀಪ ಸಿದ್ಧವಾಗಿರಬೇಕೆಂದರೆ ಹುಣ್ಣಿಮೆ, ಅದರ ಹಿಂದಿನ ಎರಡು ಮೂರು ದಿನಗಳೇ ತಕ್ಕವು.

ಇಂಥ ದೀಪವನ್ನು ವಿನೋದಕ್ಕಾಗಿ ಬಳಸಬೇಕೆಂದು ಗ್ರಂಥಸ್ಥವಾಗಿ ಹೇಳಿದವರಲ್ಲಿ ನಮ್ಮ ನಾಡಿನ ಒಬ್ಬ ಅರಸನೇ ಇದ್ದಾನೆ. 1126 ರಿಂದ 1138 ರವರೆಗೆ ಕಲ್ಯಾಣದಲ್ಲಿ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ರಾಜ್ಯವನ್ನು ಪಡೆಯುವುದರಿಂದ ಮೊದಲಾಗಿ ಮೀನನ್ನು ಹಿಡಿಯುವುದರವರೆಗೆ ಅರಸನಾದವನು ತಿಳಿಯಬೇಕಾದ ಸಕಲವನ್ನೂ ನೂರು ಅಧ್ಯಾಯಗಳಲ್ಲಿ ಹೇಳುವ ವಿಶ್ವಕೋಶ. ಇಂದಿನ ಇಡ್ಲಿಗೂ ದೋಸೆಗೂ ಹಿರಿಯಜ್ಜಂದಿರೆನ್ನಬಹುದಾದ ತಿನಿಸುಗಳು ಅದರಲ್ಲಿ ಬರುವುದನ್ನು ಕೇಳುಗರಲ್ಲಿ ಅನೇಕರು ಬಲ್ಲರು. ಅದರ ಕೊನೆಯ ಭಾಗದಲ್ಲಿ ಅರಸನು ಆಡತಕ್ಕ ಕ್ರೀಡೆಗಳ ಒಂದು ಸಾಲೇ ಇದೆ: ಬೆಟ್ಟದ ಮೇಲಿನ ಆಟ, ತೋಟದ ಆಟ, ಉಯ್ಯಾಲೆಯಾಟ, ನೀರಾಟ, ಹಸುರು ಹುಲ್ಲಿನ ಮೇಲಿನ ಆಟ, ಮರಳಿನ ಮೇಲಿನ ಆಟ, ಮತ್ತು ಇವುಗಳ ನಡುವೆ ‘ಜ್ಯೋತ್ಸ್ನಾಕ್ರೀಡೆ’, ಎಂದರೆ ಬೆಳುದಿಂಗಳಿನ ಆಟ. ಕತ್ತಲೆಯಲ್ಲಿ ಆಡುವುದಕ್ಕೂ ಒಂದು ಬೇರೆ ಕ್ರೀಡೆಯನ್ನು ಹೇಳಿ, ಆ ಚಕ್ರವರ್ತಿಯು ಅಮಾವಾಸ್ಯೆಯನ್ನೂ ವ್ಯರ್ಥವಾಗಲು ಬಿಟ್ಟಿಲ್ಲ. ಇಷ್ಟು ವ್ಯವಸ್ಥೆಯಿಂದ ಆಟವಾಡಬೇಕಾದರೆ ಆ ಕಾಲದ ದೊರೆಗಳಿಗೆ ದಣಿವೇ ಆಗುತ್ತಿದ್ದಿರಬೇಕೆಂದು ನಮಗೆ ತೋರುತ್ತದೆ. ಅದು ಹೇಗೂ ಇರಲಿ. ಅಲ್ಲಿ ಬೆಳುದಿಂಗಳು ಅರಸನ ಭೋಗಸಾಮಗ್ರಿಗಳಲ್ಲಿ ಒಂದು. ಕಸ್ತೂರಿಯಂತೆ, ಆನೆಯಂತೆ ಅದೂ ಅವನ ಸೊತ್ತು.

ಪುರಜನರೆಲ್ಲರಿಗೂ ಸೇರಿದ ಬೆಳುದಿಂಗಳ ಹಬ್ಬವೊಂದು ಸಂಸ್ಕೃತ ಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ. ಅದೇ ಕೌಮುದೀ ಮಹೋತ್ಸವ. ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ಓದಿದವರು ಮರೆಯಲಾರದ ಸಂದರ್ಭವೊಂದು ಅದರ ಮೂರನೆಯ ಅಂಕದಲ್ಲಿದೆ. ಚಂದ್ರಗುಪ್ತನು ಕುಸುಮಪುರದಲ್ಲಿ ಕೌಮುದೀ ಮಹೋತ್ಸವ ನಡೆಯಬೇಕೆಂದು ಆಜ್ಞೆ ಮಾಡಿ, ಅದನ್ನು ನೋಡಲು ಅರಮನೆಯ ಮೇಲಕ್ಕೆ ಬರುತ್ತಾನೆ; ನೋಡಿದರೆ ಊರಿನಲ್ಲಿ ಹಬ್ಬದ ಸುಳಿವೇ ಇಲ್ಲ. ಚಾಣಕ್ಯನು ಅದನ್ನು ನಿಲ್ಲಿಸಿಬಿಟ್ಟಿದ್ದಾನೆ. ಶತ್ರುವು ಬಾಗಿಲಿಗೆ ಬರುತ್ತಿರುವಾಗ ಕೋಟೆಯನ್ನು ಬಲಪಡಿಸಬೇಕೇ ಹೊರತು ಹಬ್ಬ ಮಾಡಬಾರದೆಂಬುದು ಮಂತ್ರಿಯ ವಾದ. ಗುರುಶಿಷ್ಯರ ಜಗಳವೇನೋ ಕಪಟದ್ದು. ಆದರೆ ನಿಂತುಹೋದ ಹಬ್ಬ ನಿಜವಾದದ್ದೇ. ರಾಜ್ಯಕಾರ್ಯದ ಹೆಸರಿನಲ್ಲಿ ಜನರ ಒಂದು ಸಂತೋಷದ ರಾತ್ರಿ ಹೋಯಿತು. ಆ ಪ್ರಜೆಗಳು ಏನೆಂದುಕೊಂಡರೆಂಬುದನ್ನು ನಾಟಕಕಾರನು ಕೇಳಹೋಗಲಿಲ್ಲ. ಈ ಕಥೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823 ರಲ್ಲಿ, ಕೆಂಪುನಾರಾಯಣನು ‘ಮುದ್ರಾಮಂಜೂಷ’ವೆಂಬ ಗದ್ಯಗ್ರಂಥವಾಗಿ ಕನ್ನಡಿಗರಿಗೆ ಕೊಟ್ಟನು.

ಆದರೆ ನಮಗೆ ಇನ್ನೂ ಹತ್ತಿರದವನು ಮೂರನೆಯ ಮಂಗರಸ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಈ ಜೈನಕವಿಯು ಹುಣಸೂರು ಸೀಮೆಯ ಕಲ್ಲಹಳ್ಳಿಯ ಪಾಳೆಯಗಾರರ ವಂಶದವನು. ಅವನ ‘ಸಮ್ಯಕ್ತ್ವ ಕೌಮುದಿ’ಯ ಕಥೆಗಳೆಲ್ಲವೂ ಪೋಣಿಸಲ್ಪಟ್ಟಿರುವುದು ಒಂದು ಬೆಳುದಿಂಗಳ ರಾತ್ರಿಯ ದಾರದಲ್ಲಿ. ಮಧುರಾಪುರದ ಅರಸ ಉದಿತೋದಯನು ಕೌಮುದೀ ಉತ್ಸವದ ದಿನ ಡಂಗುರ ಹೊಡೆಯಿಸುತ್ತಾನೆ: ಆ ರಾತ್ರಿ ಹೆಂಗಸರೆಲ್ಲರೂ ಉದ್ಯಾನಕ್ಕೆ ಹೋಗಿ ವಿನೋದವಾಗಿರಲಿ, ಗಂಡಸರು ಮಾತ್ರ ಊರನ್ನು ಬಿಟ್ಟು ಹೊರಡಕೂಡದು. ಕಟ್ಟಳೆ ಮಾಡಿದವನಿಗೇ ಅದು ಮೊದಲು ಭಾರವಾಯಿತು. ರಾಣಿಯರಿಲ್ಲದ ಅರಮನೆಯಲ್ಲಿ ಅರಸನಿಗೆ ಹೊತ್ತು ಹೋಗಲಿಲ್ಲ; ತಾನೂ ತೋಟಕ್ಕೆ ಹೋಗುವೆನೆಂದು ಎದ್ದನು. ಮಂತ್ರಿ ಸುಬುದ್ಧಿಯು ತಡೆದು, ‘ಅರಸನೇ ಆಜ್ಞೆಯನ್ನು ಮೀರಿದರೆ ಕಾಯುವವರಾರು’ ಎಂಬ ಅರ್ಥದ ನೀತಿಯನ್ನು ಹೇಳಿ, ಅದಕ್ಕೆ ಬದಲಾಗಿ ಊರನ್ನೇ ಸುತ್ತಿ ಬರೋಣವೆಂದು ಕರೆದುಕೊಂಡು ಹೋದನು. ಹಾಗೆ ಸುತ್ತುವಾಗಲೇ ಅರ್ಹದ್ದಾಸನೆಂಬ ವರ್ತಕನೂ ಅವನ ಎಂಟು ಮಂದಿ ಹೆಂಡಿರೂ ತಮತಮಗೆ ಧರ್ಮದಲ್ಲಿ ನಂಬಿಕೆ ಹುಟ್ಟಿದ ಬಗೆಯನ್ನು ಹೇಳಿಕೊಳ್ಳುತ್ತಿರುವುದು ಅವರ ಕಿವಿಗೆ ಬೀಳುತ್ತದೆ.

ಕಥೆಗಳ ಧರ್ಮಸಾರವನ್ನು ಬಲ್ಲವರು ಹೇಳಲಿ. ನಮ್ಮ ಗಮನವೆಲ್ಲ ಆ ಡಂಗುರದ ಮೇಲಿದೆ. ಸೋಮೇಶ್ವರನ ಗ್ರಂಥದಲ್ಲಿ ಹೆಂಗಸರು ಅರಸನ ಕ್ರೀಡೆಗೆ ಪರಿವಾರ. ಇಲ್ಲಿ ರಾತ್ರಿಯು ಹೆಂಗಸರದು. ಗಂಡಸರು, ಅರಸನೂ ಸೇರಿ, ಮನೆಕಾಯುವವರು. ಒಂದೇ ರಾತ್ರಿಯ ಮಟ್ಟಿಗಾದರೂ ಲೋಕದ ನಡಾವಳಿ ತಿರುವುಮುರುವಾಗಿದೆ. ಇನ್ನೂ ಒಂದು ಸ್ವಾರಸ್ಯವುಂಟು. ಇದೇ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೂ ವಾರ್ಧಕ ಷಟ್ಪದಿಯಲ್ಲಿ ಬರೆದನು, ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಕಾಯಿಪಲ್ಲೆಗಳು ಅದರಲ್ಲಿ ಬರುತ್ತವೆ. ಬೆಳುದಿಂಗಳನ್ನೂ ಊಟವನ್ನೂ ಇಷ್ಟು ಹತ್ತಿರದಲ್ಲಿ ಬಲ್ಲ ಕವಿಯು ಎರಡನ್ನೂ ಒಂದೇ ಪುಸ್ತಕದಲ್ಲಿ ಕೂಡಿಸಲಿಲ್ಲವಲ್ಲ ಎಂದು ನಮಗೆ ಒಂದಿಷ್ಟು ಕೊರಗು. ಅದನ್ನು ಕೂಡಿಸಿದವರು ಹೆಸರು ಉಳಿಯದ ಗೃಹಿಣಿಯರು.

ಇಲ್ಲಿ ಕೇಳುಗರಲ್ಲಿ ಯಾರಾದರೂ ಒಂದು ಆಕ್ಷೇಪವನ್ನು ತರಬಹುದು. ಕೌಮುದೀ ಉತ್ಸವವು ಶರತ್ಕಾಲದ್ದು. ಮಳೆ ತೊಳೆದ ಆಕಾಶದಲ್ಲಿ ಚಂದ್ರನು ನಿರ್ಮಲನಾಗಿ ಕಾಣುವ ಕಾಲವದು. ನಮ್ಮ ಬೆಳುದಿಂಗಳೂಟವಾದರೋ ಹೆಚ್ಚಾಗಿ ಚೈತ್ರ ವೈಶಾಖಗಳದು. ಒಂದರಿಂದ ಇನ್ನೊಂದು ಹುಟ್ಟಿತೆನ್ನುವುದು ಹೇಗೆ? ಆಕ್ಷೇಪವು ನ್ಯಾಯವಾದದ್ದೇ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವೂ ಹೇಳುವುದಿಲ್ಲ. ಬೇಸಗೆಯ ವಿನೋದಕ್ಕೆ ನಮ್ಮಲ್ಲಿ ಬೇರೆಯೇ ಆದ ಒಂದು ಬೇರಿದೆ. ಅದು ಫಾಲ್ಗುಣದ ಕಾಮನ ಹುಣ್ಣಿಮೆ.

ಕಾಮನ ಹುಣ್ಣಿಮೆಯಷ್ಟು ನಗುವಿನ ಹಬ್ಬ ನಮ್ಮಲ್ಲಿ ಮತ್ತೊಂದಿಲ್ಲ. ಸುಗ್ಗಿ ಮುಗಿದಿದೆ, ಕಣ ಬರಿದಾಗಿದೆ, ಮುಂದಿನ ಉಳುಮೆಗೆ ಮಳೆ ಬರಬೇಕು. ಊರ ಹುಡುಗರು ಕಂಡವರ ಹಿತ್ತಿಲಿನಿಂದ ಸೌದೆ, ಬೆರಣಿ, ಮುರಿದ ತಟ್ಟಿಯ ಬಾಗಿಲುಗಳನ್ನು ಕದ್ದು ತಂದು ಒಟ್ಟಿ ಸುಡುತ್ತಾರೆ. ಆ ಒಂದು ರಾತ್ರಿ ಕಳವು ಕಳವಲ್ಲ, ಬೈಗುಳು ಬೈಗುಳಲ್ಲ. ಶಿವನು ಕಾಮನನ್ನು ಸುಟ್ಟ ಪುರಾಣವನ್ನು ಇದಕ್ಕೆ ಹೇಳುವುದು ವಾಡಿಕೆ. ಹದಿಮೂರನೆಯ ಶತಮಾನದ ಆಂಡಯ್ಯನು ಮಾತ್ರ ‘ಕಬ್ಬಿಗರ ಕಾವ’ದಲ್ಲಿ ಕಥೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದನು. ಅಲ್ಲಿ ಶಿವನು ಚಂದ್ರನನ್ನು ಹಿಡಿದಿಟ್ಟುಕೊಂಡಿದ್ದಾನೆ; ತನ್ನವನನ್ನು ಬಿಡಿಸಿಕೊಳ್ಳಲು ಕಾಮನು ಶಿವನ ಮೇಲೆ ದಂಡೆತ್ತಿ ಹೋಗುತ್ತಾನೆ. ಚಂದ್ರನಿಗಾಗಿ ಯುದ್ಧ! ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು ಬರೆದ ಕಾವ್ಯವೆಂದು ಪಂಡಿತರು ಅದನ್ನು ಹೊಗಳುವರು. ಬೆಳುದಿಂಗಳ ಪಕ್ಷವನ್ನು ವಹಿಸಿದ ಕಾವ್ಯವೆಂದು ನಾವು ಹೊಗಳುತ್ತೇವೆ. 1420 ರ ಸುಮಾರಿಗೆ ವಿಜಯನಗರವನ್ನು ಕಂಡ ಇಟಲಿಯ ನಿಕೊಲೊ ಕೊಂಟಿಯು, ಅಲ್ಲಿಯ ಹಬ್ಬಗಳನ್ನು ಹೇಳುತ್ತ, ಮೂರು ದಿನಗಳ ಕಾಲ ದಾರಿಯಲ್ಲಿ ಹೋಗುವವರ ಮೇಲೆಲ್ಲ ಕೇಸರಿಯ ನೀರನ್ನು ಎರಚುತ್ತಿದ್ದರೆಂದೂ, ಅರಸನೂ ಅರಸಿಯೂ ಅದರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲವೆಂದೂ ಬರೆದಿದ್ದಾನೆ. ದೊಡ್ಡವರು ಚಿಕ್ಕವರೆಂಬ ಗೆರೆಯನ್ನು ಕೆಲವು ಗಳಿಗೆ ಅಳಿಸುವುದೇ ಇಂಥ ಹಬ್ಬಗಳ ಪ್ರಾಣ.

ಯೂರೋಪಿನಲ್ಲಿಯೂ ಜೂನ್ ತಿಂಗಳ ನಡುಬೇಸಗೆಯ ರಾತ್ರಿಗೆ ಬೆಂಕಿ ಹಾಕಿ ಕುಣಿಯುವ ಪದ್ಧತಿಯುಂಟು. ಉತ್ತರದ ದೇಶಗಳಲ್ಲಿ ಆ ರಾತ್ರಿ ಕತ್ತಲಾಗುವುದೇ ಅಪರೂಪ. ಅವರಿಗೆ ಚಂದ್ರನ ಹಂಗು ಅಷ್ಟಿಲ್ಲ. ಷೇಕ್ಸ್‌ಪಿಯರನು ಆ ರಾತ್ರಿಯ ಹೆಸರನ್ನು ತನ್ನ ಒಂದು ನಾಟಕಕ್ಕಿಟ್ಟು, ಕಾಡಿನಲ್ಲಿ ಪ್ರೇಮಿಗಳನ್ನು ದಾರಿತಪ್ಪಿಸಿ ನಗಿಸಿದನು. ನಮ್ಮ ಎಂ. ಎಲ್. ಶ್ರೀಕಂಠೇಶ ಗೌಡರು ಅದನ್ನು ‘ಪ್ರಮೀಳಾರ್ಜುನೀಯ’ವಾಗಿ ಕನ್ನಡಕ್ಕೆ ಅಳವಡಿಸಿದರು.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಅರಸನ ಜ್ಯೋತ್ಸ್ನಾಕ್ರೀಡೆ, ಪುರದ ಕೌಮುದಿ, ಊರಿನ ಕಾಮನ ಹುಣ್ಣಿಮೆ ಇವೆಲ್ಲ ಇದ್ದರೂ, ಪಟ್ಟಣದ ಮನೆತನಗಳವರು ಇಂದು ಬೆಳುದಿಂಗಳೂಟವೆಂದು ಕರೆಯುವ ಗೃಹವಿನೋದವು ಅಷ್ಟು ಪುರಾತನವಲ್ಲವೆಂದು ನಮ್ಮ ಎಣಿಕೆ. ಅದು ಹಳೆಯ ಹೆಸರುಗಳ ನೆರಳಿನಲ್ಲಿ ಬೆಳೆದ ಹೊಸ ಗಿಡ. ಅದಕ್ಕೆ ಮುಖ್ಯವಾಗಿ ನೀರೆರೆದದ್ದು ಇಂಗ್ಲಿಷ್ ವಿದ್ಯಾಶಾಲೆಗಳ ಬೇಸಗೆಯ ರಜೆ. ಪರೀಕ್ಷೆ ಮುಗಿದು ಮಕ್ಕಳೆಲ್ಲ ಅಜ್ಜಿಯ ಮನೆಗೆ ಬಂದು ಸೇರುವುದು, ಹೆಣ್ಣುಮಕ್ಕಳು ತೌರಿಗೆ ಬರುವುದು, ಒಂದೇ ಮಾಡಿನ ಕೆಳಗೆ ಇಪ್ಪತ್ತು ಮಂದಿ ಕೂಡುವುದು, ಸೆಕೆಯಿಂದ ಒಳಗೆ ಮಲಗಲಾಗದಿರುವುದು: ಈ ನಾಲ್ಕೂ ಕೂಡಿದ್ದು ಏಪ್ರಿಲ್ ಮೇ ತಿಂಗಳುಗಳಲ್ಲಿ. (ಅಧ್ಯಾಪಕರಿಗೆ ಅದೇ ಕಾಲದಲ್ಲಿ ಉತ್ತರಪತ್ರಿಕೆಗಳ ಕಟ್ಟು ಬಂದು ಬೀಳುವುದೆಂಬುದನ್ನು ಸೂಚಿಸಿ ಮುಂದುವರಿಯುತ್ತೇವೆ.) ಎರಡನೆಯದಾಗಿ, ಸ್ಥಳ. ಇಳಿಜಾರಾದ ನಾಡಹೆಂಚಿನ ಮನೆಯ ಮೇಲೆ ಕೂತು ಉಣ್ಣಲು ಕಪಿಗಳಿಗೆ ಮಾತ್ರ ಸಾಧ್ಯ. ಹಳೆಯ ತೊಟ್ಟಿಯ ಮನೆಯಲ್ಲಿ ನಡುವಣ ತೊಟ್ಟಿಯೊಂದೇ ಆಕಾಶಕ್ಕೆ ತೆರೆದದ್ದು. ಚಂದ್ರನು ಅಲ್ಲಿಗೆ ನಡುರಾತ್ರಿಯ ಅತಿಥಿ. ತಾರಸಿಯ ಮನೆಗಳು ಬಂದಮೇಲೆ ಪಟ್ಟಣದ ಸಂಸಾರಕ್ಕೆ ಮನೆ ಬಿಡದೆಯೇ ಬಯಲು ದೊರೆಯಿತು. ತಾರಸಿಯಿಲ್ಲದವರು ಕೆರೆಯ ಏರಿಗೋ ಹೊಳೆಯ ಮರಳಿಗೋ ಗಾಡಿ ಕಟ್ಟಿದರು.

ಊಟದ ಕ್ರಮವನ್ನು ನೋಡಿರಿ. ಎಲೆ ಹಾಕಿ, ಉಪ್ಪು ಉಪ್ಪಿನಕಾಯಿಯಿಂದ ಆರಂಭಿಸಿ, ಸಾರು ಹುಳಿ ಎಂದು ಸಾಲಾಗಿ ಬಡಿಸುವ ಊಟವು ಈ ಬೆಳಕಿನಲ್ಲಿ ನಡೆಯುವಂತಿಲ್ಲ. ಸಾರು ಎಲೆಯಿಂದ ಹರಿದುಹೋಗುವುದು ಕಾಣುವುದಿಲ್ಲ. ಒಗ್ಗರಣೆಯ ಮೆಣಸಿನಕಾಯಿ ಯಾರ ಬಾಯಿಗೆ ಸಿಕ್ಕಿತೆಂಬುದು ಅವರು ಕೂಗಿಕೊಂಡ ಮೇಲೆಯೇ ತಿಳಿಯುತ್ತದೆ. ಆದುದರಿಂದಲೇ ಕಲಸಿದ ಅನ್ನಗಳು: ಮಾವಿನಕಾಯಿಯ ಚಿತ್ರಾನ್ನ, ಪುಳಿಯೋಗರೆ, ಬಿಸಿಬೇಳೆ ಹುಳಿಯನ್ನ, ಕೊನೆಯಲ್ಲಿ ಮೊಸರನ್ನ. ಜೊತೆಗೆ ಅದೇ ಬೇಸಗೆಯ ಬಿಸಿಲಿನಲ್ಲಿ ಒಣಗಿದ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಮೊಸರನ್ನವು ಬೆಳ್ಳಗೆ ಹೊಳೆಯುವುದರಿಂದ ಬೆಳುದಿಂಗಳಲ್ಲಿ ಅದಕ್ಕೆ ವಿಶೇಷ ಮರ್ಯಾದೆ. ಇವೆಲ್ಲವನ್ನೂ ದೊಡ್ಡ ಕೊಳಗದಲ್ಲಿಟ್ಟುಕೊಂಡು ತಾಯಿಯೋ ಅಜ್ಜಿಯೋ ನಡುವೆ ಕೂರುತ್ತಾಳೆ, ಸುತ್ತಲೂ ಮಿಕ್ಕವರು. ಅವಳು ತುತ್ತು ಮಾಡಿ ಒಬ್ಬೊಬ್ಬರ ಅಂಗೈಗೆ ಹಾಕುತ್ತ ಹೋಗುತ್ತಾಳೆ. ಹೀಗೆ ಕೈತುತ್ತು ಹಾಕುವುದನ್ನು ವಾತ್ಸಲ್ಯದ ಗುರುತೆಂದು ಎಲ್ಲರೂ ಹೇಳುವರು. ಅದು ಮಬ್ಬು ಬೆಳಕಿಗೆ ಹೊಂದುವ ಏರ್ಪಾಡೂ ಹೌದು. ಕಾಣದಿದ್ದರೇನು, ಕೈಗೆ ಬಂದದ್ದು ಬಾಯಿಗೆ.

ಈ ಏರ್ಪಾಡಿನಲ್ಲಿ ಒಂದು ದೊಡ್ಡ ಕಟ್ಟಳೆ ಸದ್ದಿಲ್ಲದೆ ಮುರಿದುಬಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದ ಅರಮನೆಯಲ್ಲಿದ್ದ ಸಂಚಿಯ ಹೊನ್ನಮ್ಮನು ‘ಹದಿಬದೆಯ ಧರ್ಮ’ದಲ್ಲಿ ಗೃಹಿಣಿಯ ಕರ್ತವ್ಯಗಳನ್ನು ವಿವರಿಸಿದಳು, ಹೆಣ್ಣನ್ನು ಹೀಗಳೆಯುವವರನ್ನು ಅದೇ ಕಾವ್ಯದಲ್ಲಿ ದಿಟ್ಟತನದಿಂದ ಪ್ರಶ್ನಿಸಿದವಳೂ ಅವಳೇ. ಅವಳ ಕಾಲದಿಂದ ನಮ್ಮ ಅಜ್ಜಿಯರ ಕಾಲದವರೆಗೂ ಊಟದ ಪಂಕ್ತಿಗೆ ಒಂದು ಕ್ರಮವಿತ್ತು: ಮೊದಲು ಗಂಡಸರು, ಆಮೇಲೆ ಮಕ್ಕಳು, ಎಲ್ಲರದೂ ಆಗಿ ಒಲೆ ಆರಿದ ಮೇಲೆ ಹೆಂಗಸರು, ಉಳಿದದ್ದರಲ್ಲಿ. ಬೆಳುದಿಂಗಳೂಟದಲ್ಲಿ ಮೊದಲನೆಯ ಪಂಕ್ತಿ ಎರಡನೆಯ ಪಂಕ್ತಿ ಎಂಬುದಿಲ್ಲ. ಕೊಳಗವೊಂದೇ, ಸುತ್ತು ಒಂದೇ. ಹೊಸದಾಗಿ ಬಂದ ಸೊಸೆಯು ಮಾವನವರ ಎದುರಿಗೆ ಕುಳಿತು ಉಂಡದ್ದು ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಅಂಥ ರಾತ್ರಿಯಲ್ಲಿಯೇ ಇರಬೇಕು. ಮುಖವು ಅಷ್ಟು ಸ್ಪಷ್ಟವಾಗಿ ಕಾಣದ ಬೆಳಕೂ ಆಕೆಗೆ ಸಹಾಯಕವಾಗಿತ್ತು. ತುತ್ತು ಹಾಕುವವಳು ಮಾತ್ರ ಕೊನೆಗೆ ಉಣ್ಣುತ್ತಿದ್ದಳೆಂಬುದನ್ನು ಮರೆಯಬಾರದು. ಆದರೆ ಆ ರಾತ್ರಿ ಎಲ್ಲರ ಬಾಯಿಯೂ ಅವಳ ಕೈಯನ್ನೇ ಕಾದುಕೊಂಡಿರುತ್ತಿತ್ತು. ಮಂಗರಸನ ಉದ್ಯಾನವು ಪಟ್ಟಣದ ತಾರಸಿಗೆ ಬಂದದ್ದು ಹೀಗೆ.

ಇಷ್ಟೆಲ್ಲ ಹೇಳಿ ಇಲ್ಲಿಗೇ ನಿಲ್ಲಿಸಿದ್ದರೆ ವಿಷಯವು ಇನ್ನೂ ಇಂಪಾಗಿರುತ್ತಿತ್ತು. ಆದರೆ ಕೆಲವು ವರ್ಷಗಳ ಕೆಳಗೆ ನಾವೂ ನಮ್ಮ ಸ್ನೇಹಿತರ ಕೆಲವು ಸಂಸಾರಗಳೂ ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟಕ್ಕೆ ಒಂದು ಚೈತ್ರ ಮಾಸದಲ್ಲಿ ಹೋಗಿದ್ದಾಗ ಕೇಳಿದ ಒಂದು ಮಾತು ಈ ವಿಚಾರಕ್ಕೆ ಬೇರೊಂದು ಮುಖವನ್ನು ತೋರಿಸಿತು. ಸಿಂಧಘಟ್ಟದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿದೆ. ವಿಜಯನಗರದ ಕಾಲದಲ್ಲಿಯೇ ಅಲ್ಲಿ ಮಸೀದಿಯೊಂದು ಇದ್ದುದು ಶಾಸನದಿಂದ ತಿಳಿದಿದೆ. ಹುಣ್ಣಿಮೆಯನ್ನು ನೋಡಿ ಹಬ್ಬ ಮಾಡುವವರೂ, ಮೊದಲ ಎಳೆಚಂದ್ರನನ್ನು ಕಂಡು ಹಬ್ಬ ಮಾಡುವವರೂ ಒಂದೇ ಊರಿನಲ್ಲಿ ಶತಮಾನಗಳಿಂದ ಬಾಳಿದ್ದಾರೆ. ಹಗಲೆಲ್ಲ ದೇವಾಲಯವನ್ನು ನೋಡಿ, ಸಂಜೆ ಊರ ಹೊರಗಿನ ಬಯಲಿನಲ್ಲಿ ಜಮಖಾನ ಹಾಸಿ, ಬುತ್ತಿ ಬಿಚ್ಚಿದೆವು. ಆ ದಾರಿಯಾಗಿ ಹೋಗುತ್ತಿದ್ದ ವೃದ್ಧ ರೈತನೊಬ್ಬನು ನಿಂತು ನೋಡಿ, ‘ಮನೆ ಸಿಗ್ನಿಲ್ವಾ ಸ್ವಾಮಿ, ಇಲ್ಲಿ ಕುಂತವ್ರೆ?’ ಎಂದು ಕನಿಕರದಿಂದ ಕೇಳಿದನು. ಬೆಳುದಿಂಗಳೂಟವೆಂದು ನಾವು ಬಹು ಉತ್ಸಾಹದಿಂದ ವಿವರಿಸಿದೆವು. ಅವನು ಸಾವಧಾನವಾಗಿ ಕೇಳಿ, ನಕ್ಕು ಹೇಳಿದನು: ‘ನಾವು ಹುಡುಗ್ರಾಗಿದ್ದಾಗ ಎಣ್ಣೆ ಉಳೀಲಿ ಅಂತ ದಿನಾ ಅಂಗ್ಳದಲ್ಲೇ ಉಣ್ತಿದ್ದೋ. ಅದ್ಕೊಂದು ಹೆಸ್ರು ಇಕ್ಬೇಕು ಅಂತ ಯಾರ್ಗೂ ಹೊಳೀನಿಲ್ಲ.’

ಚರಿತ್ರೆಯ ಗ್ರಂಥಗಳಲ್ಲಿ ಸಿಕ್ಕದ ಪಾಠ ಇದು. ಬೆಳುದಿಂಗಳಿನಲ್ಲಿ ಉಣ್ಣುವುದನ್ನು ಅರಸನು ಕ್ರೀಡೆಯೆಂದನು, ಕವಿಯು ಉತ್ಸವವೆಂದನು, ಪಟ್ಟಣಿಗರಾದ ನಾವು ರಜೆಯೆಂದೆವು. ನಾಡಿನ ಬಹುಮಂದಿಗೆ ಅದು ಎಣ್ಣೆಯ ಉಳಿತಾಯ. ಮುದ್ದೆ, ಉಪ್ಪೆಸರು, ಅಂಗಳ, ಚಂದ್ರ. ನಮ್ಮ ಪುಳಿಯೋಗರೆಯ ಪಾತ್ರೆಗಿಂತ ಸಾವಿರ ವರ್ಷ ಹಿಂದಿನದು ಆ ಊಟ. ಅದನ್ನು ಯಾವ ಕವಿಯೂ ಅಷ್ಟಾದಶ ವರ್ಣನೆಗಳಲ್ಲಿ ಸೇರಿಸಲಿಲ್ಲ. ಚಂದ್ರೋದಯವುಂಟು, ವನಕೇಳಿಯುಂಟು, ಜಲಕೇಳಿಯುಂಟು, ಪಾನಗೋಷ್ಠಿಯೂ ಉಂಟು, ಅಂಗಳದ ಮುದ್ದೆಯಿಲ್ಲ. ಇನ್ನೊಂದನ್ನೂ ಹೇಳಿಬಿಡಬೇಕು. ಕೊಳಗದ ಸುತ್ತಲಿನ ನಮ್ಮ ಆ ಒಂದೇ ಸುತ್ತು ಎಲ್ಲರನ್ನೂ ಒಳಗೊಂಡದ್ದಾಗಿರಲಿಲ್ಲ. ಹಿಂದಿನ ತಲೆಮಾರಿನವರು ಹೊಳೆಯ ದಂಡೆಗೆ ಹೋಗುವಾಗ ಗಾಡಿ ಹೊಡೆದವನು, ಸೌದೆ ಹೊತ್ತವಳು, ಪಾತ್ರೆ ತೊಳೆದವಳು ಇವರೂ ಜೊತೆಯಲ್ಲಿಯೇ ಇದ್ದರು. ಅವರ ಜಾತಿಯನ್ನು ನೋಡಿ, ಅವರ ಎಲೆಯನ್ನು ದೂರದ ಮರದ ಬುಡದಲ್ಲಿ ಹಾಕುತ್ತಿದ್ದರು. ಹೆಂಗಸರನ್ನು ಪಂಕ್ತಿಯೊಳಗೆ ತಂದ ಆ ರಾತ್ರಿಯು ಇವರನ್ನು ತರಲಿಲ್ಲ. ಮರದ ಬುಡದಲ್ಲಿ ನೆರಳು, ಬಯಲಿನಲ್ಲಿ ಬೆಳಕು. ಈ ಸಂಗತಿಯನ್ನು ಬಿಟ್ಟು ಬೆಳುದಿಂಗಳೂಟವನ್ನು ಕೊಂಡಾಡುವುದು ಅರ್ಧ ಚರಿತ್ರೆ. ಅಂದು ಸಿಂಧಘಟ್ಟದಲ್ಲಿ ಆ ವೃದ್ಧನನ್ನು ಕೂಡಿರೆಂದು ಕರೆದೆವು. ಅವನು ಬಹಳ ಹೊತ್ತು ಸಂಕೋಚಪಟ್ಟು, ಕೊನೆಗೆ ಕುಳಿತು, ಮೊಸರನ್ನದ ತುತ್ತೊಂದನ್ನು ತೆಗೆದುಕೊಂಡು, ‘ಉಪ್ಪು ಕಮ್ಮಿ’ ಎಂದನು. ಅದು ನಿಜವಾಗಿತ್ತು.

ಇದೇ ಸೀಮೆಯು ಬೆಳುದಿಂಗಳಿಗೆ ಬೇರೆ ರೀತಿಗಳಲ್ಲಿಯೂ ಋಣಿಯಾಗಿದೆ. ಮೇಲುಕೋಟೆಯ ವೈರಮುಡಿಯ ಉತ್ಸವವು ಫಾಲ್ಗುಣದಲ್ಲಿ ಪುಷ್ಯಾ ನಕ್ಷತ್ರದ ರಾತ್ರಿ ನಡೆಯುತ್ತದೆ. ಮಂಡ್ಯದ ಖಜಾನೆಯಿಂದ ಪಹರೆಯೊಡನೆ ಬರುವ ಆ ಕಿರೀಟವನ್ನು ಹಗಲು ಬೆಳಕಿನಲ್ಲಿ ಧರಿಸುವ ಸಂಪ್ರದಾಯವಿಲ್ಲ. ಗರುಡವಾಹನದ ಮೇಲೆ ಚೆಲುವನಾರಾಯಣಸ್ವಾಮಿಗೆ ಇರುಳಿನಲ್ಲಿಯೇ ಅದರ ಅಲಂಕಾರ. ಆ ದಿನ ಶುಕ್ಲಪಕ್ಷದ ಚಂದ್ರನು ಅರ್ಧವನ್ನು ದಾಟಿ ಬೆಳೆದಿರುತ್ತಾನೆ. ಬೆಟ್ಟದ ಮೇಲೆ ರಾತ್ರಿಯೆಲ್ಲ ಬಯಲಿನಲ್ಲಿ ಕಳೆಯುವ ಸಹಸ್ರಾರು ಜನರಲ್ಲಿ ಬುತ್ತಿ ಕಟ್ಟಿಕೊಂಡು ಬಂದ ಸಂಸಾರಗಳೆಷ್ಟೋ! ನಾಗಮಂಗಲದ ಕಡೆ ಮೂಡಲಪಾಯದ ಆಟಗಳೂ ಬಯಲಿನಲ್ಲಿ ಬೆಳಗಿನವರೆಗೂ ನಡೆಯುವಂಥವು. ಕವಿಗಳ ವಿಷಯವನ್ನಂತೂ ಹೇಳಬೇಕಾದುದಿಲ್ಲ. ‘ಮೈಸೂರ ಮಲ್ಲಿಗೆ’ಯನ್ನು 1942 ರಲ್ಲಿ ಪ್ರಕಟಿಸಿ ಮಧ್ಯಮ ವರ್ಗದ ಗಂಡಹೆಂಡಿರ ಸರಸವನ್ನು ಕಾವ್ಯದ ಗೌರವಕ್ಕೆ ಏರಿಸಿದ ಕೆ. ಎಸ್. ನರಸಿಂಹಸ್ವಾಮಿಯವರು ಹುಟ್ಟಿದ್ದು ಇದೇ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರು 1933 ರ ತಮ್ಮ ಕವನಸಂಕಲನಕ್ಕೆ ‘ಹಣತೆ’ ಎಂದು ಹೆಸರಿಟ್ಟರು, ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು 1937 ರಲ್ಲಿ ‘ಹಗಲುಗನಸು’ಗಳನ್ನು ಕಂಡರು. ಒಂದೇ ಸೀಮೆಯಿಂದ ಮಲ್ಲಿಗೆ, ಹಣತೆ, ಕನಸು ಮೂರೂ ಬಂದುವು. ಇವುಗಳ ನಡುವೆ ಚಂದ್ರನಿಗೆ ಬೇರೆ ಗ್ರಂಥ ಬೇಕಾಗಲಿಲ್ಲವೆಂದು ತೋರುತ್ತದೆ.

ಆದರೆ ಚಂದ್ರನಿಗೆ ಎದುರಾಳಿ ಹುಟ್ಟಿದ್ದೂ ಈ ಕಾವೇರಿಯಲ್ಲಿಯೇ. 1902 ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905 ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿತು. ಶ್ರೀರಂಗಪಟ್ಟಣದ ಸಮೀಪದಲ್ಲಿ 1911 ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರದ ಕೆಳಗೆ ದಿವಾನ್ ಮಿರ್ಜಾ ಇಸ್ಮಾಯಿಲರ ಆಸ್ಥೆಯಿಂದ ಬೃಂದಾವನವು ಎದ್ದು, ಬಣ್ಣಬಣ್ಣದ ದೀಪಗಳ ಕಾರಂಜಿಗಳನ್ನು ನೋಡಲು ಜನರು ಸಂಜೆಯ ಹೊತ್ತು ನೆರೆಯತೊಡಗಿದರು. ಬಣ್ಣವನ್ನು ತೋರಿಸಲಾರದ ಬಡ ಚಂದ್ರನಿಗೆ ಅಲ್ಲಿ ಕೆಲಸವಿಲ್ಲ. ಹಳ್ಳಿಗಳಿಗೆ ಆ ದೀಪ ಬಹಳ ತಡವಾಗಿ ಬಂತು. ಬಂದಮೇಲೆ ಎಣ್ಣೆಯನ್ನು ಉಳಿಸಲು ಅಂಗಳದಲ್ಲಿ ಉಣ್ಣುವ ಅಗತ್ಯವು ಹೋಯಿತು. ಹೋದದ್ದಕ್ಕೆ ಆ ವೃದ್ಧನೇನೂ ಅಳುತ್ತಿರಲಿಲ್ಲ. ನಾವು ಅಳುವುದೂ ತರವಲ್ಲ. ಅಗತ್ಯವಾಗಿದ್ದದ್ದು ಈಗ ಅವನ ಮೊಮ್ಮಕ್ಕಳಿಗೂ ವಿನೋದವಾಗಿದೆ. ಅವರು ನಮ್ಮ ಜೊತೆಯಲ್ಲಿ ಆ ರಾತ್ರಿ ನೆರಳು ತುಳಿಯುವ ಆಟವನ್ನು ಆಡಿದರು. ಒಬ್ಬನ ನೆರಳನ್ನು ಇನ್ನೊಬ್ಬನು ತುಳಿದರೆ ತುಳಿಸಿಕೊಂಡವನು ಕಳ್ಳ. ಬೀದಿಯಲ್ಲಿ ನಾಲ್ಕು ದೀಪಗಳಿದ್ದರೆ ಒಬ್ಬೊಬ್ಬನಿಗೂ ನಾಲ್ಕು ನೆರಳುಗಳಾಗಿ ಈ ಆಟ ಕೆಡುತ್ತದೆ. ಚಂದ್ರನೊಬ್ಬನೇ ಆದರೆ ನೆರಳೂ ಒಂದೇ.

ಈ ಬೇಸಗೆಯಲ್ಲಿ ಹೋಗಬೇಕೆನ್ನುವವರಿಗೆ ಒಂದೆರಡು ವ್ಯಾವಹಾರಿಕ ಸೂಚನೆಗಳನ್ನು ಕೊಟ್ಟು ಮುಗಿಸುತ್ತೇವೆ. ಹುಣ್ಣಿಮೆಯ ದಿನಕ್ಕಿಂತ ಚತುರ್ದಶಿಯೇ ಮೇಲು. ಸೂರ್ಯನು ಮುಳುಗುವ ಹೊತ್ತಿಗೆ ಚಂದ್ರನು ಮರಗಳ ಮೇಲಕ್ಕೆ ಬಂದಿರುತ್ತಾನೆ, ಮಕ್ಕಳು ಹಸಿದು ಅಳುವುದಕ್ಕೆ ಮೊದಲೇ ಕೊಳಗವನ್ನು ತೆರೆಯಬಹುದು. ಪೆಟ್ರೋಮ್ಯಾಕ್ಸನ್ನೂ ಬ್ಯಾಟರಿಯನ್ನೂ ತೆಗೆದುಕೊಂಡು ಹೋಗಿರಿ, ಆದರೆ ಹುಳುಹುಪ್ಪಟೆಯ ಅನುಮಾನ ಬಂದರೆ ಹೊರತು ಹೊತ್ತಿಸಬೇಡಿರಿ. ಕಣ್ಣು ಬೆಳುದಿಂಗಳಿಗೆ ಒಗ್ಗುವುದಕ್ಕೆ ಅರ್ಧ ಗಂಟೆಯಾದರೂ ಬೇಕು. ಗಾಡಿಯವನನ್ನು ಮೊದಲೇ ಕರೆದು ಸುತ್ತಿನೊಳಗೆ ಕೂರಿಸಿಕೊಳ್ಳಿರಿ. ತುತ್ತು ಹಾಕುವ ಕೆಲಸವನ್ನು ಈ ಸಲ ಮನೆಯ ಯಜಮಾನರು ವಹಿಸಿಕೊಂಡು, ಆಕೆಯನ್ನು ಮೊದಲು ಉಣ್ಣಿಸಲಿ. ಒಗ್ಗರಣೆಯ ಮೆಣಸಿನಕಾಯಿಗಳನ್ನು ಮನೆಯಲ್ಲಿಯೇ, ದೀಪದ ಬೆಳಕಿನಲ್ಲಿ, ಎಣಿಸಿ ಆರಿಸಿ ತೆಗೆದುಬಿಡುವುದು ಒಳ್ಳೆಯದು. ಉಪ್ಪನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿಕೊಂಡು ಹೋಗಿರಿ.